ನಾಯಿಗೆ ಪಾಠ ಹೇಳುವ ಮೊದಲು: ಪ್ರಾಣಿ ಕಲಿಯುವ ಬಗೆ, ನಾವು ಕಲಿಸುವ ಕ್ರಮ

ಮನೆಗೆ ಯಾರೇ ಬಂದರೂ ನಾಯಿ ಮೈಮೇಲೆ ಹಾರುತ್ತದೆ. ಗೇಟು ತೆಗೆದರೆ ಬೀದಿಗೆ ಓಡುತ್ತದೆ, ಕೂಗಿದರೆ ತಿರುಗಿಯೂ ನೋಡುವುದಿಲ್ಲ. ಊಟಕ್ಕೆ ಕೂತರೆ ಪಕ್ಕದಲ್ಲಿ ನಿಂತು ಕುಂಯ್‌ಗುಡುತ್ತದೆ. ನಾಯಿ ಸಾಕಿದ ಮನೆಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಇವೇ. ನೆರೆಹೊರೆಯವರು ಕೊಡುವ ಸಲಹೆಯೂ ಒಂದೇ: “ಎರಡು ಬಿಗೀರಿ, ಸರಿಹೋಗುತ್ತೆ.”

ಸರಿಹೋಗುವುದಿಲ್ಲ. ನಾಯಿ ಏನೂ ಕಲಿಯುತ್ತಿಲ್ಲ ಎಂದು ನಾವು ಅಂದುಕೊಂಡ ಹೊತ್ತಿನಲ್ಲೂ ಅದು ಕಲಿಯುತ್ತಲೇ ಇರುತ್ತದೆ. ಹಾರಿದಾಗ ನೆಂಟರು ಎರಡೂ ಕೈಯಲ್ಲಿ ಹಿಡಿದು ಮಾತಾಡಿಸಿದರು. ಕುಂಯ್‌ಗುಟ್ಟಿದಾಗ ತಟ್ಟೆಯಿಂದ ಚಪಾತಿ ತುಂಡು ಬಂತು. ಕೂಗಿದಾಗ ಓಡಿ ಬಂದರೆ ಕುತ್ತಿಗೆಗೆ ಸರಪಳಿ ಬಿತ್ತು. ಈ ಮೂರೂ ಪಾಠಗಳನ್ನು ಅದು ಚೆನ್ನಾಗಿ ಕಲಿತಿದೆ. ಕಲಿಸಿದವರು ನಾವೇ, ಅದು ನಮ್ಮ ಗಮನಕ್ಕೆ ಬಂದಿಲ್ಲ ಅಷ್ಟೆ. ತಾನು ಏನು ಮಾಡಿದಾಗ ಮರುಕ್ಷಣ ಏನು ದೊರೆಯಿತು ಎಂಬುದೇ ಪ್ರಾಣಿಯ ಪಾಲಿಗೆ ಪಾಠ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಕಲಿಸುವ ಕೆಲಸದ ಅರ್ಧ ಮುಗಿದಂತೆ.

ಕಲಿಕೆಯ ಎರಡು ದಾರಿ

ರಷ್ಯದ ಇವಾನ್ ಪಾವ್ಲೋವ್ ಶರೀರಶಾಸ್ತ್ರಜ್ಞ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕಾಗಿ 1904ರಲ್ಲಿ ನೊಬೆಲ್ ಪಡೆದವರು. ಅವರ ಪ್ರಯೋಗಾಲಯದ ನಾಯಿಗಳು ಬಾಯಿಗೆ ಆಹಾರ ಬೀಳುವ ಮೊದಲೇ, ಆಹಾರ ಬರುವ ಸೂಚನೆ ಸಿಕ್ಕೊಡನೆ ಜೊಲ್ಲು ಸುರಿಸುತ್ತಿದ್ದವು. ಊಟಕ್ಕೆ ಮುಂಚೆ ಪ್ರತಿಸಲ ಒಂದೇ ಸದ್ದು ಕೇಳಿಸಿದರೆ, ಕೆಲ ದಿನಗಳ ನಂತರ ಆ ಸದ್ದೊಂದೇ ಸಾಕು, ಜೊಲ್ಲು ಬರುತ್ತಿತ್ತು. ಹಸು ಕಟ್ಟಿದವರಿಗೆ ಇದು ಹೊಸದಲ್ಲ. ಹಾಲು ಕರೆಯುವ ಪಾತ್ರೆಯ ಸದ್ದು ಕೇಳಿದ್ದೇ, ಕೆಚ್ಚಲು ಮುಟ್ಟುವ ಮೊದಲೇ ಹಸು ಹಾಲಿಳಿಸಲು ಶುರುಮಾಡುತ್ತದೆ. ಆ ಸದ್ದಿಗೆ ಮಿದುಳು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುವುದೇ ಕಾರಣ. ಅದೇ ಹಸುವಿಗೆ ಕೊಟ್ಟಿಗೆಯಲ್ಲಿ ಹೊಡೆತ ಬೀಳುತ್ತಿದ್ದರೆ ಕೋಲು ಕಂಡೊಡನೆ ಅಡ್ರಿನಲಿನ್ ಏರಿ ಹಾಲು ನಿಲ್ಲುತ್ತದೆ. ಈ ದಾರಿಯಲ್ಲಿ ಪ್ರಾಣಿ ಕಲಿಯುವುದು ಭಾವನೆಯನ್ನು: ಯಾವುದು ಹಿತ, ಯಾವುದು ಅಪಾಯ ಎಂಬುದನ್ನು.

ಎರಡನೆಯ ದಾರಿ ಕ್ರಿಯೆಯದು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಸಿದ ಬೆಕ್ಕುಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಒಳಗಿನ ಕುಣಿಕೆ ಎಳೆದರೆ ಅಥವಾ ಅಗುಳಿ ಒತ್ತಿದರೆ ಬಾಗಿಲು ತೆರೆದು, ಹೊರಗಿನ ಆಹಾರ ಸಿಗುತ್ತಿತ್ತು. ಮೊದಮೊದಲು ಬೆಕ್ಕು ಪರಚಿತು, ಕಚ್ಚಿತು, ಅರಚಿತು. ಆಕಸ್ಮಿಕವಾಗಿ ಕುಣಿಕೆ ಎಳೆಯಿತು. ಮತ್ತೆ ಮತ್ತೆ ಒಳಗೆ ಬಿಟ್ಟಾಗ ಫಲ ಕೊಡದ ಒದ್ದಾಟಗಳು ಒಂದೊಂದಾಗಿ ಉದುರಿಹೋಗಿ, ಫಲ ಕೊಟ್ಟದ್ದು ಉಳಿಯಿತು. ಮುಂದೆ ಬಿ. ಎಫ್. ಸ್ಕಿನ್ನರ್ ಈ ನಿಯಮವನ್ನು ವಿಸ್ತಾರವಾಗಿ ಪರೀಕ್ಷಿಸಿ, ಕ್ರಿಯೆಯ ಬೆನ್ನಿಗೇ ಬರುವ ಫಲ ಆ ಕ್ರಿಯೆಯನ್ನು ಹೇಗೆ ಬಲಪಡಿಸುತ್ತದೆ ಎಂಬುದನ್ನು ತೋರಿಸಿದರು.

ಮನೆಯಲ್ಲಿ ಈ ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ‘ಕೂರು’ ಎಂಬುದನ್ನು ಕಲಿಸುವಾಗ ನಾಯಿ ಕೂರುವುದನ್ನೂ ಕಲಿಯುತ್ತದೆ, ಕಲಿಸುವವರ ಬಗ್ಗೆ ಒಂದು ಭಾವವನ್ನೂ ಕಟ್ಟಿಕೊಳ್ಳುತ್ತದೆ. ಗದರಿ ಕೂರಿಸಿದರೆ ಅದು ಕೂರಬಹುದು, ಆದರೆ ನಮ್ಮ ಕೈ ಮೇಲೆದ್ದರೆ ಹೆದರುವುದನ್ನೂ ಜೊತೆಗೆ ಕಲಿಯುತ್ತದೆ.

ಎರಡು ಸೆಕೆಂಡಿನೊಳಗೆ

ಬಹುಮಾನ ತಡವಾಗಬಾರದು. ನಾಯಿ ಕೂತಿತು, ನೀವು ಡಬ್ಬಿ ಹುಡುಕಿ ಮುಚ್ಚಳ ತೆಗೆದು ತಿಂಡಿ ಕೊಡುವಷ್ಟರಲ್ಲಿ ಅದು ಎದ್ದು ಹಾರಿತು. ಆಗ ಬಹುಮಾನ ಸಂದದ್ದು ಹಾರಾಟಕ್ಕೆ. ಒಂದೆರಡು ಸೆಕೆಂಡಿನೊಳಗೆ ಫಲ ತಲುಪಿದರೆ ಮಾತ್ರ ಯಾವುದಕ್ಕೆ ಸಿಕ್ಕಿತು ಎಂಬುದು ನಾಯಿಗೆ ಸ್ಪಷ್ಟವಾಗುತ್ತದೆ.

ಈ ತೊಡಕಿಗೆ ಒಳ್ಳೆಯ ಪರಿಹಾರವಿದೆ. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದ ಕರೆನ್ ಪ್ರಯರ್, ನೀರಿನಾಚೆ ನೆಗೆಯುತ್ತಿರುವ ಪ್ರಾಣಿಯ ಬಾಯಿಗೆ ಅದೇ ಗಳಿಗೆಯಲ್ಲಿ ಮೀನು ಹಾಕುವಂತಿರಲಿಲ್ಲ. ಅದಕ್ಕೆ ಸೀಟಿ ಬಳಸಿದರು. ಸರಿಯಾದ ಚಲನೆ ಕಂಡ ಕ್ಷಣ ಸೀಟಿ, ಆಮೇಲೆ ಮೀನು. ‘ಈಗ ಮಾಡಿದ್ದು ಸರಿ, ಫಲ ಬರುತ್ತಿದೆ’ ಎಂಬುದು ಆ ಸೀಟಿಯ ಅರ್ಥ. ನಾಯಿಗಳ ತರಬೇತಿಯಲ್ಲಿ ಈಗ ‘ಟಿಕ್’ ಎನ್ನುವ ಪುಟ್ಟ ಕ್ಲಿಕ್ಕರ್ ಇದೇ ಕೆಲಸ ಮಾಡುತ್ತದೆ.

ಕ್ಲಿಕ್ಕರ್ ಕೊಳ್ಳಲೇಬೇಕೆಂದಿಲ್ಲ. ‘ಭೇಷ್’ ಎಂಬಂಥ ಚಿಕ್ಕ ಪದವೊಂದನ್ನು ಆರಿಸಿಕೊಳ್ಳಿ. ಮೊದಲ ಎರಡು ದಿನ ನಾಯಿಯಿಂದ ಏನನ್ನೂ ಕೇಳಬೇಡಿ. ‘ಭೇಷ್’ ಎನ್ನಿ, ತಕ್ಷಣ ತಿಂಡಿ ಕೊಡಿ. ಒಂದು ಸಲಕ್ಕೆ ಹತ್ತು ಹದಿನೈದು ಬಾರಿ, ದಿನಕ್ಕೆ ಎರಡು ಮೂರು ಸಲ. ಪದ ಕಿವಿಗೆ ಬಿದ್ದೊಡನೆ ನಾಯಿ ನಿಮ್ಮ ಕೈಯತ್ತ ನೋಡಿದರೆ ಅರ್ಥ ತಿಳಿಯಿತು ಎಂದುಕೊಳ್ಳಿ. ಇನ್ನು ಮುಂದೆ ಆ ಪದ ಹೇಳಿದ ಮೇಲೆ ತಿಂಡಿ ತಪ್ಪಿಸಬಾರದು.

ಈ ವಿಧಾನದ ಶಕ್ತಿ ಎಷ್ಟೆಂದು ತಿಳಿಯಲು ಮಗಾವಾ ಎಂಬ ಇಲಿಯ ಕತೆ ಸಾಕು. ಅದು ತಾಂಜಾನಿಯಾದಲ್ಲಿ ಹುಟ್ಟಿದ ಆಫ್ರಿಕದ ದೊಡ್ಡ ಜಾತಿಯ ಇಲಿ. ಅಪೋಪೊ ಎಂಬ ಸಂಸ್ಥೆ ಕ್ಲಿಕ್ಕರ್ ಮತ್ತು ಆಹಾರದ ಬಹುಮಾನದಿಂದಲೇ ಅದಕ್ಕೆ ಸ್ಫೋಟಕದ ವಾಸನೆ ಹಿಡಿಯಲು ಕಲಿಸಿತು. ತನ್ನ ಸೇವೆಯುದ್ದಕ್ಕೂ ಕಾಂಬೋಡಿಯಾದ ನೆಲದಲ್ಲಿ ಅದು ನೂರಕ್ಕೂ ಹೆಚ್ಚು ನೆಲಬಾಂಬು, ಸ್ಫೋಟಕಗಳನ್ನು ಪತ್ತೆ ಮಾಡಿತು; 2020ರಲ್ಲಿ ಬ್ರಿಟನ್ನಿನ ಪಿಡಿಎಸ್‌ಎ ಸಂಸ್ಥೆಯ ಚಿನ್ನದ ಪದಕ ಪಡೆಯಿತು. ಒಂದು ಏಟನ್ನೂ ತಿನ್ನದ ಇಲಿ ಮನುಷ್ಯರ ಜೀವ ಕಾಯುವ ಕೆಲಸ ಕಲಿತಿರುವಾಗ, ಚಾಪೆಯ ಮೇಲೆ ಕೂರುವುದನ್ನು ಕಲಿಸಲು ನಮಗೆ ಕೋಲು ಬೇಕಾಗಿಲ್ಲ.

ಯಾವ ತಿಂಡಿ?

ಬೆರಳ ತುದಿಯಷ್ಟು ಚಿಕ್ಕ ಚೂರು ಸಾಕು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಮಾಂಸ, ಬೆಂದ ಮೊಟ್ಟೆ, ಪನೀರ್, ಕ್ಯಾರೆಟ್, ಸೇಬಿನ ಹೋಳು (ಬೀಜ ತೆಗೆದು) ಆಗಬಹುದು. ದಿನದ ಊಟದಲ್ಲೇ ಒಂದು ಪಾಲು ತೆಗೆದಿಟ್ಟರೆ ತೂಕ ಏರುವುದಿಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಜೈಲಿಟಾಲ್ ಹಾಕಿದ ಸಕ್ಕರೆರಹಿತ ಸಿಹಿಗಳು ನಾಯಿಗೆ ವಿಷ. ಬೆಂದ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಬಹುದು, ಕೊಡಬೇಡಿ.

ಬಹುಮಾನ ಎಂದರೆ ತಿಂಡಿಯೇ ಆಗಬೇಕಿಲ್ಲ. ಕೆಲವು ನಾಯಿಗೆ ಚೆಂಡು, ಕೆಲವಕ್ಕೆ ಗೇಟಿನಾಚೆ ಹೋಗಿ ಮೂಸಾಡುವ ಅವಕಾಶ ತಿಂಡಿಗಿಂತ ದೊಡ್ಡದು. ನಿಮ್ಮ ನಾಯಿಗೆ ಆ ಹೊತ್ತಿನಲ್ಲಿ ಏನು ಬೇಕೋ ಅದೇ ಬಹುಮಾನ.

ನಾಲ್ಕು ಪಾಠಗಳು

ಒಂದು ಪಾಠ ಮೂರರಿಂದ ಐದು ನಿಮಿಷ ಮೀರದಿರಲಿ. ಹೊಟ್ಟೆ ತುಂಬಿದ ಮೇಲೆ ಬೇಡ. ನಾಯಿ ಸರಿಯಾಗಿ ಮಾಡಿದ ಘಟ್ಟದಲ್ಲೇ ನಿಲ್ಲಿಸಿ.

*ಕೂರು.* ತಿಂಡಿ ಹಿಡಿದ ಕೈಯನ್ನು ಮೂಗಿನ ಹತ್ತಿರದಿಂದ ನಿಧಾನವಾಗಿ ತಲೆಯ ಮೇಲೆ ಹಿಂದಕ್ಕೆ ಒಯ್ಯಿರಿ. ನೋಟ ಮೇಲಕ್ಕೆ ಹೋದಂತೆ ಹಿಂಭಾಗ ತಾನೇ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಕ್ಷಣ ‘ಭೇಷ್’, ತಿಂಡಿ. ಸೊಂಟ ಒತ್ತಿ ಕೂರಿಸಬೇಡಿ. ಐದಾರು ಸಲ ಆದ ಮೇಲೆ ತಿಂಡಿಯಿಲ್ಲದ ಬರಿಗೈಯಲ್ಲಿ ಅದೇ ಸನ್ನೆ ಮಾಡಿ, ಬಹುಮಾನವನ್ನು ಇನ್ನೊಂದು ಕೈಯಿಂದ ಕೊಡಿ. ಸನ್ನೆಗೆ ತಪ್ಪದೆ ಕೂರತೊಡಗಿದ ಮೇಲಷ್ಟೇ ‘ಕೂರು’ ಎಂಬ ಮಾತನ್ನು ಸನ್ನೆಗೆ ಮುಂಚೆ ಸೇರಿಸಿ. ಮಾತು ಕನ್ನಡದ್ದಿರಲಿ, ಇಂಗ್ಲಿಷಿನದ್ದಿರಲಿ, ನಾಯಿಗೆ ಒಂದೇ. ಅಜ್ಜಿ ‘ಕೂತ್ಕೋ’, ಅಪ್ಪ ‘ಸಿಟ್’, ಮಗು ‘ಕೂರು ಕೂರು ಕೂರು’ ಎಂದರೆ ಮಾತ್ರ ಅದಕ್ಕೆ ಗೊಂದಲ. ಮನೆಮಂದಿ ಕೂತು ಮಾತುಗಳ ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿ.

*ಬಾ.* ಅಪಘಾತದಿಂದ ನಾಯಿಯ ಜೀವ ಉಳಿಸುವ ಪಾಠ ಇದು. ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಆರಂಭಿಸಿ. ಹೆಸರು ಹಿಡಿದು ‘ಬಾ’ ಎನ್ನಿ, ಬಂದೊಡನೆ ಎಲ್ಲಕ್ಕಿಂತ ರುಚಿಯಾದ ತಿಂಡಿ ಕೊಡಿ, ಮತ್ತೆ ಆಡಲು ಬಿಡಿ. ಹಾಲ್‌ನಿಂದ ಜಗಲಿ, ಜಗಲಿಯಿಂದ ಅಂಗಳ, ಆಮೇಲೆ ಉದ್ದ ಹಗ್ಗ ಕಟ್ಟಿ ಮೈದಾನ. ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರುವುದಿಲ್ಲ, ಪ್ರತಿ ಹೊಸ ಜಾಗದಲ್ಲಿ ಸುಲಭದ ಹಂತದಿಂದಲೇ ಶುರುಮಾಡಬೇಕು. ‘ಬಾ’ ಎಂದು ಕರೆದು ಸ್ನಾನ ಮಾಡಿಸುವುದು, ಬಯ್ಯುವುದು, ಕಟ್ಟಿಹಾಕುವುದು ಬೇಡ. ಅದಕ್ಕೆಲ್ಲ ನೀವೇ ಹೋಗಿ ಕರೆತನ್ನಿ. ಎಷ್ಟು ತಡವಾಗಿ ಬಂದರೂ ಬಂದದ್ದಕ್ಕೆ ಹೊಗಳಿಕೆಯೇ ಸಿಗಬೇಕು.

*ಚಾಪೆ.* ನೆಂಟರ ಮೇಲೆ ಹಾರುವುದಕ್ಕೂ ಊಟದ ಹೊತ್ತಿನ ಕಾಟಕ್ಕೂ ಇದೇ ಮದ್ದು. ಒಮ್ಮೆಗೇ ‘ಚಾಪೆಯ ಮೇಲೆ ಮಲಗು’ ಎಂಬುದು ದೊಡ್ಡ ಕೆಲಸ. ಅದನ್ನು ತುಂಡು ಮಾಡಿ. ಚಾಪೆಯತ್ತ ನೋಡಿದರೆ ‘ಭೇಷ್’, ಒಂದು ಕಾಲಿಟ್ಟರೆ ‘ಭೇಷ್’, ನಾಲ್ಕೂ ಕಾಲಿಟ್ಟರೆ, ಕೂತರೆ, ಮಲಗಿದರೆ, ಹತ್ತು ಸೆಕೆಂಡು ಇದ್ದರೆ. 1943ರಲ್ಲಿ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಯೊಂದರ ಮೇಲಂತಸ್ತಿನಲ್ಲಿ ಸ್ಕಿನ್ನರ್ ಮತ್ತು ಸಂಗಡಿಗರು ಪಾರಿವಾಳವೊಂದಕ್ಕೆ ಕೊಕ್ಕಿನಿಂದ ಮರದ ಚೆಂಡನ್ನು ತಳ್ಳಲು ಕಲಿಸಿದ್ದು ಹೀಗೆಯೇ. ಹಕ್ಕಿ ತಾನಾಗಿ ಚೆಂಡು ತಳ್ಳಲೆಂದು ಕಾದು ಕೂತಾಗ ಏನೂ ಆಗಲಿಲ್ಲ. ಚೆಂಡಿನತ್ತ ನೋಡಿದ್ದಕ್ಕೇ ಕಾಳು ಕೊಡತೊಡಗಿದಾಗ ನಿಮಿಷಗಳಲ್ಲಿ ಕಲಿತುಬಿಟ್ಟಿತು. ನಾಯಿ ಎಲ್ಲಿ ಎಡವುತ್ತದೋ ಅಲ್ಲಿ ಹಂತ ದೊಡ್ಡದಾಯಿತೆಂದು ಅರ್ಥ, ಒಂದು ಮೆಟ್ಟಿಲು ಕೆಳಗಿಳಿಯಿರಿ.

*ಹೊರಗೆ ಮಲಮೂತ್ರ.* ಮರಿ ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಪ್ರತಿಸಲ ಹೊರಗಿನ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಕೆಲಸ ಮುಗಿದೊಡನೆ ಅಲ್ಲೇ ಬಹುಮಾನ ಕೊಡಿ, ಮನೆಯೊಳಗೆ ಬಂದ ಮೇಲಲ್ಲ. ಒಳಗೆ ಮಾಡಿದ್ದಕ್ಕೆ ಮೂಗು ತಿಕ್ಕಿದರೆ, ಬಯ್ದರೆ ಮರಿ ಸೋಫಾ ಹಿಂದೆ ಕದ್ದು ಮಾಡಲು ಕಲಿಯುತ್ತದೆ. ಸದ್ದಿಲ್ಲದೆ ಚೊಕ್ಕಟಗೊಳಿಸಿ, ವಾಸನೆ ಉಳಿಯದಂತೆ ತೊಳೆಯಿರಿ.

ತಿಂಡಿ ಎಷ್ಟು ದಿನ?

ಹೊಸ ಪಾಠಕ್ಕೆ ಪ್ರತಿಸಲವೂ ತಿಂಡಿ ಬೇಕು. ಪಾಠ ಗಟ್ಟಿಯಾದ ಮೇಲೆ ಕೆಲವೊಮ್ಮೆ ತಿಂಡಿ, ಕೆಲವೊಮ್ಮೆ ಬೆನ್ನು ಸವರುವುದು, ಕೆಲವೊಮ್ಮೆ ಆಟ ಸಾಕು. ಯಾವಾಗ ಸಿಗುತ್ತದೋ ತಿಳಿಯದಿದ್ದಾಗ ನಡವಳಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಲಾಟರಿ ಟಿಕೆಟ್ ಕೊಳ್ಳುವವರು ಕೊಳ್ಳುತ್ತಲೇ ಇರುವುದೂ ಇದೇ ಕಾರಣಕ್ಕೆ.

ಇದೇ ನಿಯಮ ಕೆಟ್ಟ ಅಭ್ಯಾಸಕ್ಕೂ ಅನ್ವಯಿಸುತ್ತದೆ. ಮನೆಯಲ್ಲಿ ನಾಲ್ವರು ಕಟ್ಟುನಿಟ್ಟಾಗಿದ್ದು ತಾತ ಒಬ್ಬರೇ “ಪಾಪ, ಇವತ್ತೊಂದಿನ” ಎಂದು ತಟ್ಟೆಯಿಂದ ತುಂಡು ಹಾಕಿದರೆ, ಬೇಡುವ ಚಟ ಮೊದಲಿಗಿಂತ ಬಲವಾಗುತ್ತದೆ. ನಿಲ್ಲಿಸಬೇಕೆಂದರೆ ಪೂರ್ತಿ ನಿಲ್ಲಿಸಬೇಕು. ಇಲ್ಲಿ ಒಂದು ಎಚ್ಚರಿಕೆ: ಫಲ ನಿಂತ ಕೂಡಲೇ ನಾಯಿ ಮೊದಲು ಇನ್ನೂ ಜೋರಾಗಿ ಬೊಗಳುತ್ತದೆ, ಕಾಲು ಕೆರೆಯುತ್ತದೆ. ಅನೇಕರು ಸೋಲುವುದು ಈ ಹಂತದಲ್ಲೇ. ಆಗ ಮಣಿದರೆ ‘ಇನ್ನೂ ಜೋರಾಗಿ ಕೂಗಬೇಕು’ ಎಂಬುದನ್ನು ಕಲಿಸಿದಂತಾಗುತ್ತದೆ. ಈ ಗದ್ದಲ ಕೆಲ ದಿನಗಳಲ್ಲಿ ಇಳಿಯುತ್ತದೆ. ಸುಮ್ಮನಿದ್ದ ಗಳಿಗೆಯನ್ನು ಗಮನಿಸಿ ಬಹುಮಾನ ಕೊಟ್ಟರೆ ಇನ್ನೂ ಬೇಗ ಇಳಿಯುತ್ತದೆ.

ಹೊಡೆತ ಏಕೆ ಬೇಡ

ಹೊಡೆತ ಆ ಕ್ಷಣಕ್ಕೆ ನಾಯಿಯನ್ನು ನಿಲ್ಲಿಸಬಹುದು, ಬದಲಿಗೆ ಏನು ಮಾಡಬೇಕೆಂದು ಕಲಿಸುವುದಿಲ್ಲ. ಸಂಜೆ ಮನೆಗೆ ಬಂದು, ಮಧ್ಯಾಹ್ನ ಹರಿದ ದಿಂಬಿಗಾಗಿ ಹೊಡೆದರೆ ನಾಯಿ ಆ ಹೊಡೆತವನ್ನು ದಿಂಬಿಗೆ ಜೋಡಿಸಿಕೊಳ್ಳುವುದಿಲ್ಲ, ನೀವು ಬಾಗಿಲು ತೆರೆದು ಬಂದದ್ದಕ್ಕೆ ಜೋಡಿಸಿಕೊಳ್ಳುತ್ತದೆ.

“ಇಲ್ಲ, ಅದಕ್ಕೆ ಗೊತ್ತಿದೆ, ಮುಖ ನೋಡಿ, ತಪ್ಪಿತಸ್ಥನ ಹಾಗೆ ನಿಂತಿದೆ” ಎನ್ನುವವರುಂಟು. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ನಾಯಿ ನಿಜಕ್ಕೂ ತಿಂಡಿ ಕದ್ದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವಿರಲಿಲ್ಲ. ಯಜಮಾನ ಗದರಿದಾಗ ಆ ಮುಖ ಕಾಣಿಸಿತು. ಯಾವ ತಪ್ಪೂ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಹೆಚ್ಚಾಗಿ ಕಾಣಿಸಿತು. ಇಳಿಬಿದ್ದ ಕಿವಿ, ತಿರುಗಿಸಿದ ಮುಖ, ಕಾಲ ಸಂದಿಗೆ ಸೇರಿದ ಬಾಲ, ಇವು ಪಶ್ಚಾತ್ತಾಪವಲ್ಲ. ನಮ್ಮ ಕೋಪವನ್ನು ಕಂಡ ಹೆದರಿಕೆ.

ಗುರುಗುಟ್ಟುವ ನಾಯಿಗೆ ಹೊಡೆಯುವುದು ಇನ್ನೂ ಅಪಾಯ. ಗುರುಗುಟ್ಟುವುದು ‘ದೂರ ಇರು’ ಎಂಬ ಮುನ್ಸೂಚನೆ. ಅದನ್ನು ಹೊಡೆದು ಅಡಗಿಸಿದರೆ ನಾಳೆ ಆ ನಾಯಿ ಸೂಚನೆ ಕೊಡದೆ ಕಚ್ಚುತ್ತದೆ, ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಮನೆಯ ಮಗು. ಗುರುಗುಟ್ಟಿದಾಗ ಹಿಂದೆ ಸರಿಯಿರಿ, ಅದಕ್ಕೆ ಏನು ಕಾಟವಾಯಿತೆಂದು ಹುಡುಕಿ. ಉಣ್ಣುವಾಗ, ಮಲಗಿರುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.

ಪಟಾಕಿಯ ಭಯಕ್ಕೆ ಆನೆಗಳ ತಾಲೀಮು

ಭಯವನ್ನು ಬಿಡಿಸುವ ಕೆಲಸ ಮೆಲ್ಲಗೆ ನಡೆಯಬೇಕು. ಮೈಸೂರು ದಸರೆಯ ಆನೆಗಳನ್ನು ಇದಕ್ಕಾಗಿಯೇ ವಾರಗಟ್ಟಲೆ ಮೊದಲು ಕಾಡಿನ ಶಿಬಿರಗಳಿಂದ ಕರೆತರುತ್ತಾರೆ. 750 ಕಿಲೋ ತೂಕದ ಚಿನ್ನದ ಅಂಬಾರಿ ಮೊದಲ ದಿನವೇ ಬೆನ್ನೇರುವುದಿಲ್ಲ. ಬರಿ ನಡಿಗೆ, ಆಮೇಲೆ ಮರಳಿನ ಮೂಟೆ, ಮೂಟೆಯ ತೂಕದಲ್ಲಿ ಏರಿಕೆ, ಆಮೇಲೆ ಮರದ ಅಂಬಾರಿ. ಜಂಬೂಸವಾರಿಯ ದಿನ 21 ಸುತ್ತು ಕುಶಾಲತೋಪು ಹಾರುವುದರಿಂದ ಆನೆ, ಕುದುರೆಗಳನ್ನು ಮೈದಾನದಲ್ಲಿ ನಿಲ್ಲಿಸಿ ತೋಪಿನ ಸದ್ದಿನ ತಾಲೀಮನ್ನೂ ಹಲವು ಸಲ ಮಾಡಿಸುತ್ತಾರೆ. ಬಲ್ಲ ಮಾವುತ ತನ್ನ ಆನೆಯ ಕಿವಿ, ಸೊಂಡಿಲು, ಕಾಲಿನ ಚಲನೆ ನೋಡಿಯೇ ಅದು ತಡೆದುಕೊಳ್ಳುತ್ತದೋ ಇಲ್ಲವೋ ಹೇಳುತ್ತಾನೆ.

ಮನೆಯಲ್ಲಿ ದೀಪಾವಳಿಗೆ ಒಂದೆರಡು ತಿಂಗಳು ಮೊದಲೇ ಶುರುಮಾಡಿ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು, ನಾಯಿ ಕಿವಿ ನಿಮಿರಿಸಿ ಸುಮ್ಮನಾಗುವಷ್ಟು ಸಣ್ಣದಾಗಿ ಹಾಕಿ. ಸದ್ದು ಇರುವಷ್ಟು ಹೊತ್ತು ರುಚಿಯಾದ ತಿಂಡಿ ಕೊಡಿ, ಸದ್ದು ನಿಂತರೆ ತಿಂಡಿಯೂ ನಿಲ್ಲಲಿ. ದಿನಗಳೆದಂತೆ ಎಳ್ಳಷ್ಟೇ ಏರಿಸಿ. ನಡುಗಿದರೆ, ಏದುಸಿರು ಬಿಟ್ಟರೆ, ತಿಂಡಿ ಬೇಡವೆಂದರೆ ಸದ್ದು ಹೆಚ್ಚಾಯಿತು, ಇಳಿಸಿ.

ಹಬ್ಬದ ದಿನ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ. ಕಿಟಕಿ ಮುಚ್ಚಿ, ಫ್ಯಾನು, ಟಿವಿ ಹಾಕಿ. ಮಂಚದಡಿ ಅವಿತರೆ ಎಳೆಯಬೇಡಿ. ಮಡಿಲಿಗೆ ಬಂದರೆ ಸಮಾಧಾನ ಮಾಡಿ, ಸಮಾಧಾನದಿಂದ ಭಯ ಹೆಚ್ಚುವುದಿಲ್ಲ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ; ಹಬ್ಬದ ರಾತ್ರಿ ಬೆದರಿ ಓಡಿ ದಾರಿ ತಪ್ಪುವ ನಾಯಿಗಳು ಬಹಳ. ಭಯ ತೀವ್ರವಾಗಿದ್ದರೆ ಪಶುವೈದ್ಯರು ಔಷಧಿ ಕೊಡಬಲ್ಲರು, ವಾರ ಮುಂಚೆ ಕಾಣಿ.

ಹುಟ್ಟುಗುಣದ ಗೆರೆ

ಬಹುಮಾನದಿಂದ ಏನನ್ನಾದರೂ ಕಲಿಸಬಹುದು ಎಂಬ ನಂಬಿಕೆಗೆ ಸ್ಕಿನ್ನರ್ ಅವರ ಶಿಷ್ಯರೇ ಗಡಿ ಹಾಕಿದರು. ಕೆಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ ಹತ್ತಾರು ಜಾತಿಯ ಪ್ರಾಣಿಗಳಿಗೆ ತರಬೇತಿ ಕೊಟ್ಟವರು. ರಕೂನ್ ಎಂಬ ಪ್ರಾಣಿಗೆ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಹೋದಾಗ ಅದು ಎರಡು ನಾಣ್ಯಗಳನ್ನು ಕೈಯಲ್ಲಿ ಉಜ್ಜುತ್ತಾ ಕೂತಿತು, ಆಹಾರವನ್ನು ಉಜ್ಜುವ ತನ್ನ ಸಹಜ ಅಭ್ಯಾಸದಂತೆ. ತಿಂಡಿ ತಪ್ಪಿದರೂ ಬಿಡಲಿಲ್ಲ. 1961ರಲ್ಲಿ ಅವರು ಇಂಥ ಅನುಭವಗಳನ್ನು ಪ್ರಕಟಿಸಿ, ಪ್ರಾಣಿಯ ಹುಟ್ಟುಗುಣವನ್ನು ಮರೆತು ಕಲಿಕೆಯನ್ನು ಅರಿಯಲಾಗದು ಎಂದರು.

ನಮ್ಮ ಮುಧೋಳ ನಾಯಿಯನ್ನು ನೋಡಿ. ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವುದಕ್ಕೆಂದೇ ತಲೆಮಾರುಗಳಿಂದ ಬೆಳೆಸಿದ ತಳಿ ಅದು. 2016ರಲ್ಲಿ ಭಾರತೀಯ ಸೇನೆಯೂ ಅದರ ಮರಿಗಳನ್ನು ತರಬೇತಿಗೆ ಒಯ್ದಿತು. ಇಂಥ ನಾಯಿಯ ಎದುರು ಮೊಲ ಓಡಿದಾಗ ‘ಬಾ’ ಎಂಬ ಕೂಗು ಸೋಲುವುದೇ ಹೆಚ್ಚು. ಅದನ್ನು ಅವಿಧೇಯತೆ ಎಂದು ಹಳಿಯುವ ಬದಲು ಬೇಲಿಯಿರುವ ಜಾಗದಲ್ಲಿ ದಿನವೂ ಓಡಲು ಬಿಡಿ, ಬಯಲಲ್ಲಿ ಹಗ್ಗ ಬಿಚ್ಚಬೇಡಿ. ಚಿಕ್ಕ ಫ್ಲಾಟಿನಲ್ಲಿರುವವರು ಮರಿ ತರುವ ಮೊದಲೇ ಈ ಲೆಕ್ಕ ಹಾಕಬೇಕು.

ಬೀದಿನಾಯಿಗೆ ಬುದ್ಧಿ ಕಡಿಮೆ ಎಂಬ ಮಾತಿಗೆ ಆಧಾರವಿಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳಿಗೆ ಎರಡು ಬಟ್ಟಲುಗಳಲ್ಲಿ ಒಂದನ್ನು ಬೆರಳು ಮಾಡಿ ತೋರಿಸಲಾಯಿತು. ಹತ್ತಿರ ಬಂದ ನಾಯಿಗಳಲ್ಲಿ ಶೇ 80ರಷ್ಟು ತೋರಿಸಿದ ಬಟ್ಟಲಿಗೇ ಹೋದವು. ಆದರೆ ಅರ್ಧದಷ್ಟು ನಾಯಿಗಳು ಅಪರಿಚಿತರ ಬಳಿ ಬರಲೇ ಇಲ್ಲ. ಬೀದಿಯಿಂದ ತಂದ ಮರಿಗೆ ಬುದ್ಧಿಯ ಕೊರತೆಯಿಲ್ಲ, ಮನುಷ್ಯರ ಮೇಲಿನ ನಂಬಿಕೆಯನ್ನು ಮೊದಲು ಬೆಳೆಸಬೇಕು.

ಇದಕ್ಕೆ ಹದವಾದ ವಯಸ್ಸೂ ಇದೆ. ಸುಮಾರು ಮೂರರಿಂದ ಹನ್ನೆರಡು ವಾರದೊಳಗೆ ಕಂಡ ಜನ, ಸದ್ದು, ನೆಲ, ವಾಹನಗಳನ್ನು ಮರಿ ಜೀವನದುದ್ದಕ್ಕೂ ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಲಸಿಕೆ ಪೂರ್ತಿಯಾಗುವ ತನಕ ಬೀದಿಯ ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ಲೋಕ ತೋರಿಸಿ. ವಯಸ್ಸಾದ ನಾಯಿಯೂ ಕಲಿಯುತ್ತದೆ, ಕಲಿಸುವವರಿಗೆ ಇನ್ನಷ್ಟು ತಾಳ್ಮೆ ಬೇಕು.

ವೈದ್ಯರ ಬಳಿ ಯಾವಾಗ?

ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ, ಕರೆದರೆ ಬಾರದಿದ್ದರೆ, ಮನೆಯೊಳಗೆ ಮೂತ್ರ ಮಾಡತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ ಸೋಂಕು, ಹಲ್ಲುನೋವು, ಕೀಲುನೋವು, ಮೂತ್ರದ ತೊಂದರೆ ಕಾರಣವಾಗಿರಬಹುದು. ನೋವಿಗೆ ತರಬೇತಿ ಮದ್ದಲ್ಲ. ಪ್ರತಿವರ್ಷದ ರೇಬೀಸ್ ಲಸಿಕೆಯನ್ನು ತಪ್ಪಿಸಬೇಡಿ. ಯಾವುದೇ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ತರಬೇತುದಾರರನ್ನು ಗೊತ್ತುಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: “ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ?” ಮುಳ್ಳಿನ ಪಟ್ಟಿ, ಕರೆಂಟಿನ ಪಟ್ಟಿ, ಉಪವಾಸ, ಹೊಡೆತ ಎಂಬ ಉತ್ತರ ಬಂದರೆ ಅಲ್ಲಿಂದ ಹೊರಡಿ. ಪಾಠ ನಿಮ್ಮ ಎದುರಲ್ಲೇ ನಡೆಯಬೇಕೆಂದು ಹಟ ಹಿಡಿಯಿರಿ.

ನಾಳೆ ಬೆಳಗ್ಗೆಯಿಂದಲೇ ಆರಂಭಿಸಬಹುದಾದ ಕೆಲಸ ಒಂದಿದೆ. ಬೆರಳ ತುದಿಯಷ್ಟು ತಿಂಡಿಯ ಹತ್ತು ಚೂರು ಜೇಬಿನಲ್ಲಿಟ್ಟುಕೊಳ್ಳಿ. ನಾಯಿ ಸುಮ್ಮನೆ ಮಲಗಿದ್ದನ್ನೋ, ಹಾರದೆ ನಿಂತದ್ದನ್ನೋ, ತಾನಾಗಿ ನಿಮ್ಮತ್ತ ನೋಡಿದ್ದನ್ನೋ ಕಂಡಾಗ ‘ಭೇಷ್’ ಎಂದು ಒಂದು ಚೂರು ಕೊಡಿ. ದಿನ ಮುಗಿಯುವುದರೊಳಗೆ ಹತ್ತೂ ಖಾಲಿಯಾಗಲಿ. ತಪ್ಪನ್ನೇ ಕಾಯುತ್ತಿದ್ದ ನಮ್ಮ ಕಣ್ಣು ಸರಿಯನ್ನು ಹುಡುಕಲು ಕಲಿತರೆ, ನಾಯಿ ಸರಿಯನ್ನೇ ಹೆಚ್ಚು ಮಾಡಲು ಕಲಿಯುತ್ತದೆ. ದಯವಿಟ್ಟು ಕೋಲನ್ನು ಕೆಳಗಿಡಿ, ಒಂದು ತಿಂಗಳು ಹೀಗೆ ಕಲಿಸಿ ನೋಡಿ.